ಮಠ ಸೇರಿದ ಮಹಾರಾಣಿಯರು

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿಲ್ಲ. ಸಂಸಾರವೆಂದ ಮೇಲೆ ಒಂದು ಮಾತು ಬರುವುದುಂಟು, ಒಂದು ಮಾತು ಹೋಗುವುದುಂಟು; ಎಲೆ ಹಾಕಿ ಬಡಿಸುವ ಹೊತ್ತಿಗೆ ಮುನಿಸು ಅರ್ಧ ಇಳಿದಿರುತ್ತದೆ, ಬೆಳಗಾಗುವ ಹೊತ್ತಿಗೆ ಮರೆತುಹೋಗಿರುತ್ತದೆ. ಈ ನಂಬಿಕೆಯ ಮೇಲೆಯೇ ನಮ್ಮ ಗೃಹಸ್ಥಾಶ್ರಮವೆಲ್ಲವೂ ನಿಂತಿದೆಯೆನ್ನಬಹುದು. ಆದರೆ ಗಂಡನ ಕೈಯಲ್ಲಿ ಒಂದು ಮಹಾದೇಶದ ದಂಡಾಧಿಕಾರವಿದ್ದು, ಹೆಂಡತಿಯ ಪರವಾಗಿ ಒಂದು ಮಾತನ್ನಾಡುವ ಧೈರ್ಯ ಮಂತ್ರಿಗಾಗಲಿ ಪುರೋಹಿತನಿಗಾಗಲಿ ಇಲ್ಲದೆಹೋದರೆ, ಆ ಸಂಸಾರದ ಗತಿಯೇನು? ಅಂತಹ ಒಂದು ಮನೆಯ ಕಥೆಯನ್ನು ಈ ಸಾರಿ ವಾಚಕರ ಮುಂದಿಡಬೇಕೆಂದು ಎಣಿಸಿದ್ದೇವೆ.

ಹದಿನಾರನೆಯ ಶತಮಾನದಲ್ಲಿ ರಷ್ಯಾದೇಶವನ್ನಾಳಿದ ನಾಲ್ಕನೆಯ ಇವಾನನ ಹೆಸರನ್ನು ಚರಿತ್ರೆಯನ್ನೋದಿದವರೆಲ್ಲರೂ ಬಲ್ಲರು. ಅವನ ದೇಶದ ಜನರು ಅವನಿಗೆ ‘ಗ್ರೋಜ್ನಿ’ ಎಂಬ ಬಿರುದನ್ನು ಕೊಟ್ಟರು. ಕಂಡವರ ಮನಸ್ಸಿನಲ್ಲಿ ಭಯವನ್ನೂ ಗೌರವವನ್ನೂ ಒಟ್ಟಿಗೆ ಹುಟ್ಟಿಸುವವನೆಂದು ಅದರ ಭಾವ. ನಮ್ಮ ಭಾಷೆಯಲ್ಲಿ ‘ಉಗ್ರ’ನೆಂದರೆ ಸರಿಹೋದೀತು. 1552ರಲ್ಲಿ ಕಜಾನ್ ರಾಜ್ಯವನ್ನೂ, 1556ರಲ್ಲಿ ಅಸ್ತ್ರಾಖಾನ್ ರಾಜ್ಯವನ್ನೂ ಗೆದ್ದು ವೋಲ್ಗಾ ನದಿಯ ಉದ್ದಕ್ಕೂ ತನ್ನ ಆಜ್ಞೆಯನ್ನು ನಡೆಸಿದ ಪರಾಕ್ರಮಿ ಅವನು. ಮಾಸ್ಕೋ ನಗರದಲ್ಲಿ ಬಣ್ಣಬಣ್ಣದ ಗುಮ್ಮಟಗಳಿಂದ ಕೂಡಿದ ಸಂತ ಬಾಸಿಲನ ದೇವಾಲಯ ಅವನು ಕಟ್ಟಿಸಿದ್ದೇ. ಆದರೆ ಯುದ್ಧಗಳ ವಿಚಾರ ನಮಗೆ ಬೇಡ. ನಾವು ಈ ಅರಸನನ್ನು ಅಂತಃಪುರದ ಬಾಗಿಲಿನಿಂದ ನೋಡೋಣ. ಅವನು ಆರು ಮದುವೆಗಳನ್ನು ಮಾಡಿಕೊಂಡನೆಂದು ಕೆಲವರೂ, ಏಳೆಂದು ಕೆಲವರೂ ಎಣಿಸುತ್ತಾರೆ. ಅವುಗಳಲ್ಲಿ ಅವನ ಧರ್ಮಪೀಠವು ಒಪ್ಪಿಕೊಂಡದ್ದು ನಾಲ್ಕನ್ನು ಮಾತ್ರ.

ತಂದೆ ಹಾಕಿಕೊಟ್ಟ ಮೇಲ್ಪಂಕ್ತಿ

ಇವಾನನು ಹುಟ್ಟುವುದಕ್ಕೆ ಮೊದಲೇ ಅವನ ಮನೆಯಿಂದ ಒಬ್ಬ ಹೆಂಡತಿಯನ್ನು ಹೊರಗೆ ಹಾಕಿಯಾಗಿತ್ತು. ಅವನ ತಂದೆ ಮೂರನೆಯ ವಾಸಿಲಿಯು 1505ರಲ್ಲಿ ಸಬುರೋವ್ ಮನೆತನದ ಸೊಲೊಮೋನಿಯಾ ಎಂಬ ಕನ್ಯೆಯನ್ನು ಕೈಹಿಡಿದನು. ಇಪ್ಪತ್ತು ವರ್ಷ ದಾಂಪತ್ಯ ನಡೆಯಿತು, ಮಕ್ಕಳಾಗಲಿಲ್ಲ. ರಾಜ್ಯಕ್ಕೆ ವಾರಸುದಾರನಿಲ್ಲವೆಂಬ ಚಿಂತೆ ವಾಸಿಲಿಯನ್ನು ಹತ್ತಿತು. ಅವರ ಕ್ರೈಸ್ತ ಸಂಪ್ರದಾಯದಲ್ಲಿ ತಪ್ಪಿಲ್ಲದ ಹೆಂಡತಿಯನ್ನು ಬಿಡುವಂತಿಲ್ಲ. ಆದರೆ ಹೆಂಡತಿಯು ಸನ್ಯಾಸಿನಿಯಾದರೆ ಅವಳು ಲೋಕದ ಪಾಲಿಗೆ ಸತ್ತಂತೆಯೇ ಲೆಕ್ಕ. ಗಂಡನು ಮತ್ತೆ ಮದುವೆಯಾಗಬಹುದು. ಈ ಸಂದಿಯಲ್ಲಿ ನುಸುಳಿ 1525ರಲ್ಲಿ ವಾಸಿಲಿಯು ತನ್ನ ಪತ್ನಿಗೆ ಕೂದಲು ಕತ್ತರಿಸಿ ದೀಕ್ಷೆ ಕೊಡಿಸಿದನು. ಮತಾಧಿಪತಿಯಾದ ದಾನಿಯೇಲನು ಅದಕ್ಕೆ ಅನುಮತಿಯನ್ನಿತ್ತನು.

ಅವಳು ಮನಸ್ಸೊಪ್ಪಿ ದೀಕ್ಷೆಯನ್ನು ಪಡೆದಳೆಂದು ಅರಮನೆಯ ಬರಹಗಾರರು ಬರೆದಿಟ್ಟರು. ಆದರೆ ಮರುವರ್ಷ ಮಾಸ್ಕೋಗೆ ಬಂದಿದ್ದ ಆಸ್ಟ್ರಿಯಾದ ರಾಯಭಾರಿ ಹರ್ಬರ್‌ಸ್ಟೈನನು ತಾನು ಕೇಳಿದ ಸಂಗತಿಯನ್ನು ಬೇರೆಯಾಗಿ ಹೇಳುತ್ತಾನೆ. ಸನ್ಯಾಸಿನಿಯ ಮುಸುಕನ್ನು ಮುಂದಿಟ್ಟಾಗ ಆ ರಾಣಿ ಅದನ್ನು ನೆಲಕ್ಕೆಸೆದು ಕಾಲಿನಿಂದ ತುಳಿದಳಂತೆ. ಶಿಗೋನಾ ಎಂಬ ಆಸ್ಥಾನಿಕನು ಚಾವಟಿಯಿಂದ ಅವಳನ್ನು ಹೊಡೆದನಂತೆ. ಯಾರ ಅಪ್ಪಣೆಯಿಂದ ಹೊಡೆದೆಯೆಂದು ಅವಳು ಕೇಳಲು, ಪ್ರಭುವಿನ ಅಪ್ಪಣೆಯಿಂದಲೆಂದು ಉತ್ತರ ಬಂದಿತಂತೆ. ಆಗ ಅವಳು ಸೋತು, ನೆರೆದವರೆಲ್ಲರ ಮುಂದೆ, ತಾನು ಇಷ್ಟವಿಲ್ಲದೆ ಇದನ್ನು ಧರಿಸುತ್ತಿರುವೆನೆಂದೂ, ಈ ಅನ್ಯಾಯಕ್ಕೆ ದೇವರೇ ಪ್ರತೀಕಾರ ಮಾಡಲೆಂದೂ ಕೂಗಿ ಹೇಳಿದಳಂತೆ. ಸೀತಾಪರಿತ್ಯಾಗದ ಕಥೆಯನ್ನು ಕೇಳಿ ಕಣ್ಣೊರಸಿಕೊಂಡ ನಮ್ಮ ಮನೆಯ ಹೆಂಗಸರಿಗೆ ಈ ಕೂಗಿನ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಸೊಲೊಮೋನಿಯಾ ಅಂದಿನಿಂದ ಸೋಫಿಯಾ ಎಂಬ ಸನ್ಯಾಸಿನಿಯಾಗಿ, ಮಾಸ್ಕೋವಿನಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕು ದೂರದಲ್ಲಿರುವ ಸುಜ್ದಾಲ್ ಪಟ್ಟಣದ ಪೊಕ್ರೊವ್‌ಸ್ಕಿ ಮಠವನ್ನು ಸೇರಿದಳು. ಈ ಮಠದ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಮತ್ತೆ ಬರಲಿದೆ. ವಾಸಿಲಿಯಾದರೋ 1526ರ ಜನವರಿಯಲ್ಲಿ, ಎಂದರೆ ಕೆಲವೇ ವಾರಗಳೊಳಗಾಗಿ, ಎಲೆನಾ ಗ್ಲಿನ್‌ಸ್ಕಾಯಾ ಎಂಬ ತರುಣಿಯನ್ನು ಮದುವೆಯಾದನು. 1530ರ ಆಗಸ್ಟ್ 25ರಂದು ಅವಳ ಹೊಟ್ಟೆಯಲ್ಲಿ ಇವಾನನು ಹುಟ್ಟಿದನು. ವಂಶಕ್ಕಾಗಿ ಹೆಂಡತಿಯನ್ನು ಬಿಟ್ಟದ್ದು ಸಾರ್ಥಕವಾಯಿತೆಂದು ಅರಮನೆ ಹಿಗ್ಗಿತು. ಅತ್ತ ಮಠದಲ್ಲಿ ಸೊಲೊಮೋನಿಯಾಳೂ ಒಂದು ಗಂಡುಮಗುವನ್ನು ಹೆತ್ತು ಗುಟ್ಟಾಗಿ ಬೆಳೆಯಗೊಟ್ಟಳೆಂಬ ಜನವಾರ್ತೆಯೊಂದು ಹಬ್ಬಿತು. ಅದಕ್ಕೆ ಆಧಾರವಿಲ್ಲ, ಆದರೆ ಜನರ ಮನಸ್ಸು ಯಾರ ಕಡೆಗಿತ್ತೆಂಬುದಕ್ಕೆ ಆ ವಾರ್ತೆಯೇ ಸಾಕ್ಷಿ. 1542ರಲ್ಲಿ ಅವಳು ಆ ಮಠದಲ್ಲಿಯೇ ಕಣ್ಣುಮುಚ್ಚಿದಳು.

ಮೊದಲನೆಯ ಕೈಹಿಡಿದವಳು

ಇವಾನನಿಗೆ ಮೂರು ವರ್ಷ ತುಂಬಿದಾಗ ತಂದೆ ತೀರಿಕೊಂಡನು. ಏಳು ವರ್ಷದವನಾಗಿದ್ದಾಗ ತಾಯಿ. ಅರಮನೆಯಲ್ಲಿ ಅಧಿಕಾರಕ್ಕಾಗಿ ಕಚ್ಚಾಡುತ್ತಿದ್ದ ಸರದಾರರ ನಡುವೆ ಆ ಅನಾಥ ಬಾಲಕ ಬೆಳೆದನು. 1547ರ ಜನವರಿಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ‘ಝಾರ್’ ಎಂಬ ಚಕ್ರವರ್ತಿಪದವಿಯನ್ನು ವಿಧಿಪೂರ್ವಕವಾಗಿ ಧರಿಸಿದನು. ಅದಾದ ಮೂರು ವಾರಗಳೊಳಗೆ ಮದುವೆಯೂ ನಡೆಯಿತು.

ಆ ದೇಶದಲ್ಲಿ ಅರಸನಿಗೆ ಹೆಣ್ಣು ಗೊತ್ತುಮಾಡುವ ಕ್ರಮ ವಿಚಿತ್ರವಾದದ್ದು. ಮದುವೆಗೆ ಬಂದ ಹೆಣ್ಣುಮಕ್ಕಳನ್ನು ತೋರಿಸಬೇಕೆಂದೂ, ಮುಚ್ಚಿಟ್ಟುಕೊಂಡವರಿಗೆ ಶಿಕ್ಷೆಯಾಗುವುದೆಂದೂ ಕುಲೀನ ಮನೆತನಗಳಿಗೆಲ್ಲ ಆಜ್ಞಾಪತ್ರಗಳು ಹೋಗುತ್ತಿದ್ದವು. ಬಂದವರಲ್ಲಿ ಆರಿಸಿ, ಆರಿಸಿದವರಲ್ಲಿ ಮತ್ತೆ ಆರಿಸಿ, ಮೈಯಲ್ಲಿ ರೋಗವಿಲ್ಲವೆಂಬುದನ್ನು ಪರೀಕ್ಷಿಸಿ, ಕೊನೆಗುಳಿದವರನ್ನು ಅರಸನು ನೋಡುತ್ತಿದ್ದನು. ನಮ್ಮ ಪುರಾಣಗಳ ಸ್ವಯಂವರದಲ್ಲಿ ಮಾಲೆಯಿರುವುದು ಕನ್ಯೆಯ ಕೈಯಲ್ಲಿ. ಅಲ್ಲಿ ಕನ್ಯೆಗೆ ಮಾತೇ ಇರಲಿಲ್ಲ. ಹೀಗೆ ಆರಿಸಲ್ಪಟ್ಟವಳು ರೊಮಾನ್ ಜಖಾರ್ಯಿನ್ ಎಂಬವನ ಮಗಳಾದ ಅನಸ್ತಾಸಿಯಾ.

ಇವಾನನ ಬಾಳಿನಲ್ಲಿ ನೆಮ್ಮದಿಯೆಂಬುದು ಇದ್ದರೆ ಅದು ಈ ಹೆಣ್ಣಿನೊಡನೆ ಕಳೆದ ಹದಿಮೂರು ವರ್ಷಗಳಲ್ಲಿ. ಅವಳು ಶಾಂತಸ್ವಭಾವದವಳೆಂದೂ, ಗಂಡನ ಕೋಪವನ್ನು ತಣಿಸಬಲ್ಲವಳಾಗಿದ್ದಳೆಂದೂ ಪೂರ್ವಿಕರೆಲ್ಲರೂ ಹೇಳುತ್ತಾರೆ. ಆರು ಮಕ್ಕಳನ್ನು ಹೆತ್ತಳು. ಅವರಲ್ಲಿ ಇವಾನ್ ಮತ್ತು ಫ್ಯೋದೊರ್ ಎಂಬ ಇಬ್ಬರು ಗಂಡುಮಕ್ಕಳು ಮಾತ್ರ ಬದುಕಿಕೊಂಡರು. ಕಜಾನ್ ಗೆದ್ದದ್ದೂ, ನ್ಯಾಯಸಂಹಿತೆಯನ್ನು ತಿದ್ದಿದ್ದೂ ಇದೇ ಕಾಲದಲ್ಲಿ.

ಆಗ ಅರಸನಿಗೆ ಆಪ್ತನಾಗಿದ್ದ ಸಿಲ್ವೆಸ್ತರ್ ಎಂಬ ಪಾದ್ರಿಯೊಬ್ಬನಿದ್ದನು. ‘ದೊಮೊಸ್ತ್ರೊಯ್’ ಎಂಬ ಪ್ರಸಿದ್ಧವಾದ ಗೃಹಸ್ಥಧರ್ಮಗ್ರಂಥದೊಡನೆ ಅವನ ಹೆಸರು ಸೇರಿಕೊಂಡಿದೆ. ಮನೆಯನ್ನು ಹೇಗೆ ನಡೆಸಬೇಕು, ಉಪ್ಪಿನಲ್ಲಿಟ್ಟ ತರಕಾರಿಯನ್ನು ಹೇಗೆ ಕಾಪಾಡಬೇಕು, ಆಳುಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬುದೆಲ್ಲ ಅದರಲ್ಲುಂಟು. ಗಂಡನು ಹೆಂಡತಿಯನ್ನು ದಂಡಿಸಬಹುದೆಂದು ಆ ಕಾಲಕ್ಕೆ ತಕ್ಕಂತೆ ಅದು ಒಪ್ಪುತ್ತದೆ. ಆದರೂ ಕಿವಿಯ ಮೇಲೆ, ಮುಖದ ಮೇಲೆ, ಎದೆಯ ಕೆಳಗೆ ಹೊಡೆಯಕೂಡದು. ಗುದ್ದಕೂಡದು, ಒದೆಯಕೂಡದು, ದಂಡದಿಂದ ಬಡಿಯಕೂಡದು. ಹಾಗೆ ಮಾಡಿದರೆ ಗರ್ಭಿಣಿಯರ ಹೊಟ್ಟೆಯಲ್ಲಿರುವ ಶಿಶುವಿಗೆ ಅಪಾಯವಾದೀತೆಂದು ಎಚ್ಚರಿಕೆ ಕೊಡುತ್ತದೆ. ಈ ಎಚ್ಚರಿಕೆಯನ್ನೂ ವಾಚಕರು ಮರೆಯದಿರಬೇಕು.

1560ರ ಆಗಸ್ಟ್ 7ರಂದು ಅನಸ್ತಾಸಿಯಾ ತೀರಿಹೋದಳು. ಶವಯಾತ್ರೆಯಲ್ಲಿ ಬಡಬಗ್ಗರು ಕಿಕ್ಕಿರಿದು ಅತ್ತರು. ಇವಾನನ ದುಃಖಕ್ಕಂತೂ ಮೇರೆಯಿರಲಿಲ್ಲ. ಆ ದುಃಖವು ಸಂಶಯವಾಗಿ, ಸಂಶಯವು ಕ್ರೋಧವಾಗಿ ಮಾರ್ಪಟ್ಟಿತು. ತನ್ನ ಹೆಂಡತಿಗೆ ವೈರಿಗಳು ವಿಷವಿಕ್ಕಿದರೆಂದು ಅವನು ನಂಬಿದನು. ಆಪ್ತನಾಗಿದ್ದ ಸಿಲ್ವೆಸ್ತರನ ಮೇಲೆಯೇ ಆ ಅಪವಾದ ಬಿದ್ದಿತು. ಅವನು ಉತ್ತರಸಮುದ್ರದ ನಡುಗಡ್ಡೆಯಲ್ಲಿರುವ ಸೊಲೊವೆತ್ಸ್ಕಿ ಮಠಕ್ಕೆ ಗಡೀಪಾರಾದನು. ಹದಿನೇಳು ವರ್ಷಗಳಾದ ಮೇಲೆಯೂ, ದೇಶ ಬಿಟ್ಟುಹೋಗಿದ್ದ ಕುರ್ಬ್‌ಸ್ಕಿ ಎಂಬ ಸರದಾರನಿಗೆ ಬರೆದ ಪತ್ರದಲ್ಲಿ, ತನ್ನ ತರುಣಪತ್ನಿಯನ್ನು ನೀವು ಕಸಿದುಕೊಳ್ಳದಿದ್ದರೆ ಅಷ್ಟು ರಕ್ತ ಹರಿಯುತ್ತಿರಲಿಲ್ಲವೆಂದು ಇವಾನನು ವಾದಿಸುತ್ತಾನೆ.

ವಿಷದ ಮಾತು ನಿಜವೇ? ಇತ್ತೀಚಿನ ವಿಜ್ಞಾನಿಗಳು ಅವಳ ಸಮಾಧಿಯಲ್ಲಿ ಉಳಿದಿದ್ದ ಕೂದಲನ್ನು ಪರೀಕ್ಷಿಸಿ, ಅದರಲ್ಲಿ ಪಾದರಸದ ಅಂಶ ಬಹಳ ಹೆಚ್ಚಾಗಿರುವುದನ್ನು ಕಂಡಿದ್ದಾರೆ. ಆದರೆ ಆ ಕಾಲದಲ್ಲಿ ಪಾದರಸವು ಔಷಧಿಗಳಲ್ಲಿಯೂ ಮುಖಕ್ಕೆ ಹಚ್ಚುವ ಲೇಪಗಳಲ್ಲಿಯೂ ಬಳಕೆಯಲ್ಲಿತ್ತು. 1963ರಲ್ಲಿ ಇವಾನನ ಸಮಾಧಿಯನ್ನು ತೆರೆದಾಗ ಅವನ ಎಲುಬುಗಳಲ್ಲಿಯೂ ಪಾದರಸ ಸಿಕ್ಕಿತು. ಆದಕಾರಣ ಇದು ಕೊಲೆಯೇ ಎಂದು ಖಂಡಿತವಾಗಿ ಹೇಳಲಾಗದು. ಹೇಳಬಹುದಾದದ್ದು ಇಷ್ಟೇ: ಆ ದಿನದಿಂದ ಇವಾನನ ಅಂತಃಪುರಕ್ಕೆ ಬಂದ ಯಾವ ಹೆಣ್ಣಿಗೂ ನೆಲೆ ಸಿಕ್ಕಲಿಲ್ಲ.

ಮೂರರ ಮಿತಿ

ಶ್ರಾದ್ಧದ ದಿನಗಳು ಕಳೆಯುವ ಮೊದಲೇ ಹೊಸ ಸಂಬಂಧದ ಮಾತು ಎದ್ದಿತು. ಪೋಲೆಂಡಿನ ಅರಸನ ತಂಗಿ ಕ್ಯಾಥರೀನಳನ್ನು ಕೇಳಿದರು, ಸಂಬಂಧ ಕೂಡಿಬರಲಿಲ್ಲ. ಅವಳು 1562ರಲ್ಲಿ ಸ್ವೀಡನ್ನಿನ ರಾಜಕುಮಾರ ಯೋಹಾನನ ಕೈಹಿಡಿದಳು. ಇಷ್ಟಕ್ಕೆ ಬಿಡಬಹುದಾಗಿತ್ತು. ಆದರೆ 1567ರಲ್ಲಿ ಸ್ವೀಡನ್ನಿನೊಡನೆ ಸಂಧಿಯ ಮಾತು ನಡೆದಾಗ, ಮದುವೆಯಾಗಿ ಐದು ವರ್ಷ ಸಂಸಾರ ಮಾಡಿದ ಆ ಸ್ತ್ರೀಯನ್ನು ತನಗೆ ಒಪ್ಪಿಸಬೇಕೆಂಬುದನ್ನು ಇವಾನನು ಒಂದು ಕರಾರಾಗಿ ಸೇರಿಸಿದನು. ಯೋಹಾನನು ಸೆರೆಯಲ್ಲಿದ್ದನು, ಅವನ ಅಣ್ಣನಾದ ಅರಸನು ಒಪ್ಪಿಯೂ ಬಿಟ್ಟನು. ಮರುವರ್ಷ ಅಣ್ಣನು ಸಿಂಹಾಸನದಿಂದ ಉರುಳಿ ಯೋಹಾನನೇ ಅರಸನಾದುದರಿಂದ ಕ್ಯಾಥರೀನಳು ಉಳಿದುಕೊಂಡಳು.

ಈ ನಡುವೆ 1561ರಲ್ಲಿ ಇವಾನನು ಕಾಕಸಸ್ ಪರ್ವತಪ್ರಾಂತದ ಕಬಾರ್ದಾ ಎಂಬ ನಾಡಿನ ದೊರೆ ಟೆಮ್ರ್ಯುಕನ ಮಗಳನ್ನು ಮತಾಂತರಗೊಳಿಸಿ, ಮಾರಿಯಾ ಎಂದು ಹೆಸರಿಟ್ಟು ಮದುವೆಯಾದನು. ಗಡಿನಾಡಿನ ಸ್ನೇಹಕ್ಕಾಗಿ ಮಾಡಿದ ಮದುವೆಯದು. ಒಂದು ಗಂಡುಮಗು ಹುಟ್ಟಿ ಎರಡು ತಿಂಗಳಿಗೆ ಸತ್ತಿತು. 1569ರಲ್ಲಿ ಮಾರಿಯಾಳೂ ಸತ್ತಳು. ಮತ್ತೆ ವಿಷದ ಮಾತು. ಮರು ತಿಂಗಳಲ್ಲಿ, ಅರಸನಿಗೆ ವಿಷವಿಕ್ಕಲು ಸಂಚು ಮಾಡಿದನೆಂಬ ಆರೋಪದ ಮೇಲೆ, ದಾಯಾದಿಯಾದ ವ್ಲಾದಿಮಿರನು ತಾನೇ ವಿಷ ಕುಡಿದು ಸಾಯಬೇಕಾಯಿತು.

1571ರಲ್ಲಿ ಮತ್ತೆ ಕನ್ಯಾಪರೀಕ್ಷೆ ನಡೆಯಿತು. ಎರಡು ಸಾವಿರ ಕನ್ಯೆಯರನ್ನು ತಂದು ನಿಲ್ಲಿಸಿದರೆಂದು ಆ ಕಾಲದ ವಿದೇಶೀಯರು ಬರೆದಿದ್ದಾರೆ. ಆರಿಸಲ್ಪಟ್ಟವಳು ಮಾರ್ಫಾ ಸೊಬಾಕಿನಾ. ಆರಿಸಿದ ಕೂಡಲೇ ಅವಳು ರೋಗಕ್ಕೆ ತುತ್ತಾಗಿ ದಿನದಿನಕ್ಕೆ ಸೊರಗತೊಡಗಿದಳು. ಹಾಗಿದ್ದರೂ ಅಕ್ಟೋಬರ್ 28ರಂದು ಮದುವೆ ನಡೆಯಿತು. ನವೆಂಬರ್ 13ರಂದು ಹೆಣ ಎದ್ದಿತು. ಹದಿನಾರು ದಿನದ ಮಹಾರಾಣಿಯ ಈ ಕಥೆಯನ್ನು ರಿಮ್‌ಸ್ಕಿ ಕೋರ್ಸಕೋವ್ ಎಂಬ ಸಂಗೀತಗಾರನು 1899ರಲ್ಲಿ ಗೀತನಾಟಕವಾಗಿ ಆಡಿಸಿ ಜಗತ್ಪ್ರಸಿದ್ಧಗೊಳಿಸಿದನು.

ಇಲ್ಲಿಗೆ ಮೂರಾಯಿತು. ಆ ಸಂಪ್ರದಾಯದಲ್ಲಿ ವಿಧುರನಿಗೆ ಮೂರನೆಯ ಮದುವೆಯೇ ಕಡೆಯ ಮಿತಿ, ನಾಲ್ಕನೆಯದು ಮಹಾಪಾಪ. ಅರಸನು 1572ರಲ್ಲಿ ಅನ್ನಾ ಕೊಲ್ತೊವ್‌ಸ್ಕಾಯಾ ಎಂಬವಳನ್ನು ಮದುವೆಯಾಗಲು ಮನಸ್ಸು ಮಾಡಿ ಧರ್ಮಾಧಿಕಾರಿಗಳ ಸಭೆಯ ಮುಂದೆ ದೈನ್ಯದಿಂದ ನಿಂತನು. ಮೂವರು ಹೆಂಡಿರನ್ನೂ ವೈರಿಗಳು ವಿಷದಿಂದಲೂ ಮಾಟದಿಂದಲೂ ಕೊಂದರು. ಮೂರನೆಯವಳೊಡನೆ ದಾಂಪತ್ಯವೇ ನಡೆಯಲಿಲ್ಲ. ಆದುದರಿಂದ ಕರುಣೆ ತೋರಬೇಕು, ಎಂದು ಬೇಡಿಕೊಂಡನು. ಸಭೆಯು ಕರುಣೆ ತೋರಿತು. ಅರಸನಿಗೆ ಹಲವು ಬಗೆಯ ಪ್ರಾಯಶ್ಚಿತ್ತಗಳನ್ನು ವಿಧಿಸಿ ಮದುವೆಯನ್ನು ಒಪ್ಪಿತು. ಅದರೊಡನೆಯೇ, ಇದನ್ನು ನೋಡಿ ಬೇರೆ ಯಾರಾದರೂ ನಾಲ್ಕನೆಯ ಮದುವೆಗೆ ಕೈಯಿಕ್ಕಿದರೆ ಅವರಿಗೆ ಬಹಿಷ್ಕಾರವೆಂದು ಕಟ್ಟಳೆ ಮಾಡಿತು! ಪ್ರಜೆಗೊಂದು ಧರ್ಮ, ಪ್ರಭುವಿಗೊಂದು ಧರ್ಮವಾಯಿತು.

ಇಷ್ಟು ಬೇಡಿ ತಂದ ಅನ್ನಾಳಾದರೂ ಸುಖಪಟ್ಟಳೆ? ಬಹುಕಾಲ ಕಳೆಯಲಿಲ್ಲ, ಅವಳ ತಲೆಗೂದಲಿಗೂ ಕತ್ತರಿ ಬಿತ್ತು. ದಾರಿಯಾ ಎಂಬ ಹೆಸರಿನಿಂದ ಸನ್ಯಾಸಿನಿಯಾದಳು. ನಮ್ಮ ಹಿಂದಿನ ಕಾಲದ ಮನೆಗಳಲ್ಲಿ ಗಂಡ ಸತ್ತ ಮೇಲೆ ಹೆಣ್ಣು ಕೂದಲನ್ನು ಕಳೆದುಕೊಳ್ಳುತ್ತಿದ್ದಳು. ಅಲ್ಲಿ ಗಂಡ ಬದುಕಿರುವಾಗಲೇ, ಅವನು ಬೇರೊಬ್ಬಳೊಡನೆ ಹಸೆಗೇರುವುದಕ್ಕಾಗಿಯೇ, ಕಳೆದುಕೊಳ್ಳಬೇಕಾಗಿತ್ತು.

ಅನಂತರ ಸುಮಾರು 1575ರಲ್ಲಿ ಅನ್ನಾ ವಾಸಿಲ್ಚಿಕೋವಾ ಬಂದಳು. ಇದಕ್ಕೆ ಧರ್ಮಪೀಠದ ಒಪ್ಪಿಗೆಯನ್ನು ಕೇಳುವ ಗೋಜೂ ಇರಲಿಲ್ಲ. ಒಂದೆರಡು ವರ್ಷಗಳಲ್ಲಿ ಅವಳ ಕಥೆಯೂ ಮುಗಿದು, ಸುಜ್ದಾಲಿನ ಅದೇ ಪೊಕ್ರೊವ್‌ಸ್ಕಿ ಮಠದಲ್ಲಿ ಅವಳನ್ನು ಮಣ್ಣುಮಾಡಿದರು. ವಾಸಿಲಿಸಾ ಮೆಲೆಂತ್ಯೇವಾ ಎಂಬ ಸುಂದರಿಯಾದ ವಿಧವೆಯೊಬ್ಬಳ ಹೆಸರೂ ಈ ಸಾಲಿನಲ್ಲಿ ಕೇಳಿಬರುತ್ತದೆ. ಅವಳ ಮೇಲೆ ನಾಟಕವೂ ಉಂಟು. ಆದರೆ ಅಂತಹವಳೊಬ್ಬಳು ರಾಣಿಯಾಗಿದ್ದಳೆಂಬುದನ್ನೇ ಅನೇಕ ಚರಿತ್ರಕಾರರು ನಂಬುವುದಿಲ್ಲ. ಮದುವೆಯ ಮರುದಿನವೇ ಹೊಸ ಹೆಂಡತಿಯೊಬ್ಬಳನ್ನು ಕೆರೆಯಲ್ಲಿ ಮುಳುಗಿಸಿದನೆಂಬ ಇನ್ನೊಂದು ಕಥೆಯೂ ಹಾಗೆಯೇ ಕಟ್ಟುಕಥೆ. ನಡೆದದ್ದೇ ಸಾಕಷ್ಟು ಘೋರವಾಗಿರುವಾಗ ನಡೆಯದ್ದನ್ನು ಸೇರಿಸುವ ಅಗತ್ಯ ನಮಗೆ ಕಾಣುವುದಿಲ್ಲ.

ಸೊಸೆಯರ ಪಾಡು

ಮಾವನ ಮನೆಯ ಈ ರೀತಿ ಸೊಸೆಯರ ಕಾಲಕ್ಕೂ ಇಳಿದುಬಂದಿತು. ಅನಸ್ತಾಸಿಯಾಳ ಹಿರಿಯ ಮಗ ಯುವರಾಜ ಇವಾನನಿಗೆ 1571ರಲ್ಲಿ ಎವ್ದೊಕಿಯಾಳನ್ನು ತಂದರು. ಅವಳು ಸಬುರೋವ್ ಮನೆತನದವಳು, ಎಂದರೆ ಪರಿತ್ಯಕ್ತೆಯಾದ ಸೊಲೊಮೋನಿಯಾಳ ಕುಲದವಳೇ. ಮರುವರ್ಷವೇ ಮಾವನು ಅವಳನ್ನು ಸುಜ್ದಾಲಿನ ಅದೇ ಮಠಕ್ಕೆ ಕಳುಹಿಸಿದನು. ಒಂದೇ ಮನೆತನದ ಇಬ್ಬರು ಹೆಣ್ಣುಮಕ್ಕಳು, ಒಂದೇ ಅರಮನೆಗೆ ಸೊಸೆಯರಾಗಿ ಬಂದು, ಅರ್ಧ ಶತಮಾನದ ಅಂತರದಲ್ಲಿ ಒಂದೇ ಮಠದ ಬಾಗಿಲನ್ನು ಕಂಡರು. ಯುವರಾಜನ ಎರಡನೆಯ ಹೆಂಡತಿ ಪ್ರಸ್ಕೋವಿಯಾಳಿಗೂ ಸನ್ಯಾಸವೇ ಗತಿಯಾಯಿತು. ಮೂರನೆಯವಳು ಎಲೆನಾ ಶೆರೆಮೆತೆವಾ. ಈ ಸಲ ಮನೆಯಲ್ಲಿ ತೊಟ್ಟಿಲು ಕಟ್ಟುವ ಸೂಚನೆ ಕಂಡಿತು; ಎಲೆನಾ ಗರ್ಭಿಣಿಯಾಗಿದ್ದಳು.

1581ರ ನವೆಂಬರ್ ತಿಂಗಳು. ಕೆಲವು ತಿಂಗಳಲ್ಲಿ ಮಾಸ್ಕೋಗೆ ಬಂದ ಪೊಸ್ಸೆವಿನೋ ಎಂಬ ಇಟಲಿಯ ಪಾದ್ರಿ ಆಗ ನಡೆದ ಸಂಗತಿಯನ್ನು ಕೇಳಿ ಬರೆದಿಟ್ಟಿದ್ದಾನೆ. ಸೊಸೆಯು ಬೆಚ್ಚನೆಯ ಕೋಣೆಯಲ್ಲಿ ಒಂದೇ ಉಡುಪನ್ನು ತೊಟ್ಟು ಒರಗಿಕೊಂಡಿದ್ದಳು. ಕುಲೀನ ಸ್ತ್ರೀಯರು ಒಂದರ ಮೇಲೊಂದು ಉಡುಪನ್ನು ತೊಡುವುದು ಅಲ್ಲಿಯ ಮರ್ಯಾದೆ. ಅಕಸ್ಮಾತ್ತಾಗಿ ಒಳಗೆ ಬಂದ ಮಾವನು ಇದನ್ನು ಕಂಡು ಸಿಟ್ಟಿಗೆದ್ದು ಕೈಯಲ್ಲಿದ್ದ ದಂಡದಿಂದ ಅವಳನ್ನು ಬಡಿದನು. ಆ ರಾತ್ರಿ ಅವಳಿಗೆ ಗರ್ಭಪಾತವಾಯಿತು. ಮಗನು ಓಡಿಬಂದು, ನನ್ನ ಇಬ್ಬರು ಹೆಂಡಿರನ್ನು ಕಾರಣವಿಲ್ಲದೆ ಮಠಕ್ಕೆ ದೂಡಿದೆ, ಈಗ ಮೂರನೆಯವಳ ಹೊಟ್ಟೆಯ ಕೂಸನ್ನೂ ಉಳಿಸಲಿಲ್ಲ, ಎಂದು ತಂದೆಯನ್ನು ಎದುರಿಸಿದನು. ಅದೇ ದಂಡ ಮಗನ ತಲೆಯ ಮೇಲೆ ಬಿತ್ತು. ನವೆಂಬರ್ 19ರಂದು ಯುವರಾಜನು ಸತ್ತನು. ಜಗಳ ಯುದ್ಧದ ವಿಚಾರಕ್ಕಾಗಿ ಎದ್ದಿತೆಂದು ಹೇಳುವವರೂ ಉಂಟು. ತಂದೆಯ ಪೆಟ್ಟಿನಿಂದಲೇ ಮಗ ಸತ್ತನೆಂದೇ ಬಹುಮಂದಿಯ ಮತ. ಸತ್ತ ಮಗನನ್ನು ಅಪ್ಪಿಕೊಂಡು ಕಣ್ಣರಳಿಸಿ ಕುಳಿತ ಮುದಿ ತಂದೆಯ ಚಿತ್ರವನ್ನು ರೆಪಿನ್ ಎಂಬ ಕಲಾವಿದನು 1885ರಲ್ಲಿ ಬರೆದು ಮುಗಿಸಿದನು. ನೋಡಿದವರಿಗೆ ಅದು ಮರೆಯುವ ಚಿತ್ರವಲ್ಲ.

“ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು” ಎಂದು ನಮ್ಮಲ್ಲಿ ಇನ್ನೊಂದು ಗಾದೆಯುಂಟು. ಈ ಮನೆಯಲ್ಲಿ ಕೂಸು ಬಡವಾಗುವುದಕ್ಕೂ ಅವಕಾಶವಾಗಲಿಲ್ಲ. ಹುಟ್ಟುವ ಮೊದಲೇ ಹೋಯಿತು. ಸಿಲ್ವೆಸ್ತರನ ಹೆಸರಿನ ಗ್ರಂಥವು ಸಾಮಾನ್ಯ ಗೃಹಸ್ಥನಿಗೆ ಯಾವುದನ್ನು ಮಾಡಬೇಡವೆಂದು ಹೇಳಿತ್ತೋ, ಅದನ್ನೇ ಅವನ ಅರಸನು ಮಾಡಿದ್ದನು.

ಕೊನೆಯ ಹೆಂಡತಿಯ ಸಾಕ್ಷಿ

ಈ ದುರಂತಕ್ಕೆ ಮುಂಚಿನ ವರ್ಷ, 1580ರಲ್ಲಿ, ಇವಾನನು ಮಾರಿಯಾ ನಗಾಯಾ ಎಂಬ ಕನ್ಯೆಯನ್ನು ಮದುವೆಯಾಗಿದ್ದನು. 1582ರ ಅಕ್ಟೋಬರ್ ತಿಂಗಳಲ್ಲಿ ಅವಳು ದ್ಮಿತ್ರಿಯೆಂಬ ಮಗನನ್ನು ಹೆತ್ತಳು. ಅದೇ ವೇಳೆಗೆ ಅವಳ ಗಂಡನ ರಾಯಭಾರಿ ಪಿಸೆಮ್‌ಸ್ಕಿ ಇಂಗ್ಲೆಂಡಿನಲ್ಲಿದ್ದನು. ಎಲಿಜಬೆತ್ ರಾಣಿಯ ಬಂಧುವಾದ ಮೇರಿ ಹೇಸ್ಟಿಂಗ್ಸ್ ಎಂಬವಳನ್ನು ತನ್ನ ಪ್ರಭುವಿಗಾಗಿ ಕೇಳುವುದು ಅವನಿಗೊಪ್ಪಿಸಿದ್ದ ಕೆಲಸ! ಅರಸನಿಗೆ ಹೆಂಡತಿಯಿರುವಳಲ್ಲವೇ ಎಂದರೆ, ಅವಳು ಪ್ರಜೆಯೊಬ್ಬನ ಮಗಳು, ಬಿಡುವುದೇನೂ ಕಷ್ಟವಲ್ಲ, ಎಂದು ಸಮಾಧಾನ ಹೇಳುವುದಕ್ಕೂ ಅವನು ಸಿದ್ಧನಾಗಿ ಹೋಗಿದ್ದನು. 1583ರ ಮೇ ತಿಂಗಳಲ್ಲಿ ತೋಟವೊಂದರಲ್ಲಿ ಹೆಣ್ಣನ್ನು ನೋಡುವ ಶಾಸ್ತ್ರವೂ ನಡೆಯಿತು. ಎಲಿಜಬೆತ್ ರಾಣಿಯು ತನ್ನ ಬಂಧುವಿನ ದೇಹಸ್ಥಿತಿ ಚೆನ್ನಾಗಿಲ್ಲವೆಂಬ ನೆವವನ್ನು ಹೇಳಿ ಜಾರಿಕೊಂಡಳು. 1584ರ ಮಾರ್ಚ್ 18ರಂದು ಚದುರಂಗದ ಮಣೆಯ ಮುಂದೆ ಕುಳಿತಿದ್ದ ಇವಾನನು ಹಿಂದಕ್ಕೊರಗಿ ಪ್ರಾಣಬಿಟ್ಟನು. ಹೀಗಾಗಿ ಮಾರಿಯಾ ನಗಾಯಾ ಪರಿತ್ಯಕ್ತೆಯಾಗದೆ ವಿಧವೆಯಾದಳು.

ಅವಳನ್ನೂ ಮಗುವನ್ನೂ ವೋಲ್ಗಾ ತೀರದ ಉಗ್ಲಿಚ್ ಪಟ್ಟಣಕ್ಕೆ ಕಳುಹಿಸಿದರು. 1591ರ ಮೇ 15ರಂದು ಎಂಟು ವರ್ಷದ ದ್ಮಿತ್ರಿ ಅಂಗಳದಲ್ಲಿ ಕುತ್ತಿಗೆಗೆ ಗಾಯವಾಗಿ ಸತ್ತುಬಿದ್ದನು. ಸರಕಾರದವರು ಕೊಲ್ಲಿಸಿದರೆಂದು ತಾಯಿ ಕೂಗಿದಳು, ಗಂಟೆ ಬಾರಿಸಿತು, ಜನರು ನುಗ್ಗಿ ಸರಕಾರದ ಅಧಿಕಾರಿಯನ್ನು ಕೊಂದರು. ಮೂರ್ಛೆರೋಗದ ಹುಡುಗನು ಚೂರಿಯೊಡನೆ ಆಡುತ್ತಿದ್ದಾಗ ತಾನೇ ಗಾಯಮಾಡಿಕೊಂಡನೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಬಾರಿಸಿದ ಗಂಟೆಯನ್ನು ಕೂಡ ಸೈಬೀರಿಯಾಕ್ಕೆ ಗಡೀಪಾರು ಮಾಡಿದರು; 1892ರಲ್ಲಿ ಅದು ಊರಿಗೆ ಹಿಂದಿರುಗಿತು. ತಾಯಿಯ ತಲೆಗೂದಲನ್ನು ಕತ್ತರಿಸಿ ಮಠಕ್ಕೆ ಹಾಕಿದರು.

ಹದಿನಾಲ್ಕು ವರ್ಷಗಳು ಕಳೆದವು. ತಾನೇ ದ್ಮಿತ್ರಿ, ಸತ್ತಿರಲಿಲ್ಲ, ಎಂದು ಹೇಳಿಕೊಂಡು ಒಬ್ಬ ಯುವಕನು ಸೈನ್ಯದೊಡನೆ ಬಂದು 1605ರಲ್ಲಿ ಮಾಸ್ಕೋವನ್ನು ಹಿಡಿದನು. ಸನ್ಯಾಸಿನಿಯನ್ನು ಮಠದಿಂದ ಕರೆತಂದರು. ತಾನೇ ಮಣ್ಣಿಗೆ ಕೊಟ್ಟ ಮಗನ ಹೆಸರಿನಲ್ಲಿ ನಿಂತಿದ್ದ ಆ ಅಪರಿಚಿತನನ್ನು ಅವಳು ಎಲ್ಲರೆದುರಿಗೆ ತಬ್ಬಿಕೊಂಡು, ಇವನೇ ನನ್ನ ಮಗನೆಂದಳು. ಮರುವರ್ಷ ಅವನನ್ನು ಕೊಂದಾಗ, ಇವನು ನನ್ನ ಮಗನಲ್ಲವೆಂದಳು. ಅವಳು ಸುಳ್ಳು ಹೇಳಿದಳೆಂದು ದೂರುವುದು ಸುಲಭ. ಹೆದರಿಕೆಯಿಂದಲೋ, ಮಠದ ಕತ್ತಲೆಯಿಂದ ಹೊರಬರುವ ಆಸೆಯಿಂದಲೋ, ತನ್ನ ಮಗನನ್ನು ಕಾಯದ ಸಿಂಹಾಸನದ ಮೇಲಿನ ಹಗೆಯಿಂದಲೋ, ಯಾವುದರಿಂದ ಆ ಮಾತು ಬಂದಿತೆಂಬುದನ್ನು ಹೆತ್ತವರು ಊಹಿಸಿಕೊಳ್ಳಲಿ. ಅರಮನೆಯವರು ಬಾಯಿ ಕಟ್ಟಿಸಿ ಮಠಕ್ಕೆ ಕಳುಹಿಸಿದ್ದ ಹೆಂಗಸಿನ ಒಂದು ಮಾತಿಗಾಗಿ ಇಡೀ ದೇಶ ಕಿವಿಗೊಟ್ಟು ನಿಲ್ಲುವ ಕಾಲ ಬಂದಿತ್ತೆಂಬುದಷ್ಟು ನಿಜ.

ಉಳಿದವರು

ಇವಾನನ ತರುವಾಯ ಪಟ್ಟಕ್ಕೆ ಬಂದವನು ಅನಸ್ತಾಸಿಯಾಳ ಕಿರಿಯ ಮಗ ಫ್ಯೋದೊರ್. ಅವನು ಮಂದಬುದ್ಧಿಯವನೆಂದು ಜನರು ಹೇಳುತ್ತಿದ್ದರು. ಅವನ ಪತ್ನಿ ಇರೀನಾಳಿಗೂ ಸಂತಾನ ನಿಲ್ಲಲಿಲ್ಲ. ಸು. 1586ರಲ್ಲಿ ಸರದಾರರೂ ಮತಾಧಿಪತಿಯೂ ಒಟ್ಟುಗೂಡಿ, ಬಂಜೆಯಾದ ಇವಳನ್ನು ಮಠಕ್ಕೆ ಕಳುಹಿಸಿ ಬೇರೆ ಮದುವೆಯಾಗಬೇಕೆಂದು ಅವನನ್ನು ಬೇಡಿದರು. ಅಜ್ಜನು ಮಾಡಿದ್ದು ಇದನ್ನೇ; ತಂದೆ ಮಾಡಿದ್ದು ಇದಕ್ಕಿಂತ ಹೆಚ್ಚಿನದನ್ನು. ಆದರೆ ಮಂದಬುದ್ಧಿಯವನೆನಿಸಿಕೊಂಡ ಫ್ಯೋದೊರನು ಒಪ್ಪಲಿಲ್ಲ. ಮತಾಧಿಪತಿಯೇ ಪದವಿಯನ್ನು ಕಳೆದುಕೊಂಡನು. ಗಂಡ ಬದುಕಿರುವವರೆಗೆ ಇರೀನಾ ಅರಮನೆಯಲ್ಲಿ ರಾಣಿಯಾಗಿಯೇ ಇದ್ದಳು. 1598ರಲ್ಲಿ ಅವನು ತೀರಿಕೊಂಡ ಮೇಲೆ ತಾನೇ ಮಠವನ್ನು ಸೇರಿದಳು.

ಫ್ಯೋದೊರನೊಡನೆ ಆ ಪುರಾತನ ರಾಜವಂಶ ಕೊನೆಗಂಡಿತು. ವಂಶ ಬೆಳೆಯಲೆಂದು ಸೊಲೊಮೋನಿಯಾಳನ್ನು ಹೊರಹಾಕಿದರು. ವಂಶ ಬೆಳೆಯಲೆಂದು ಸೊಸೆಯರಿಗೆ ದೀಕ್ಷೆ ಕೊಡಿಸಿದರು. ಕೊನೆಗೆ ಬೆಳೆಯಬೇಕಾಗಿದ್ದ ಮಗನೂ ಮೊಮ್ಮಗುವೂ ಅಜ್ಜನ ದಂಡದ ಪೆಟ್ಟಿಗೆ ಬಲಿಯಾದರು. ಫ್ಯೋದೊರನಿಗೆ ಮಕ್ಕಳಾಗದಿದ್ದುದರಿಂದ ವಂಶ ಮುಗಿಯಿತೆಂದು ಪುಸ್ತಕಗಳು ಹೇಳುತ್ತವೆ. ಅದು ಮುಗಿದದ್ದು 1581ರ ಆ ರಾತ್ರಿಯಲ್ಲೆಂದು ನಮಗೆ ತೋರುತ್ತದೆ.

ಅರಾಜಕತೆಯ ಹದಿನೈದು ವರ್ಷಗಳಾದ ಮೇಲೆ 1613ರಲ್ಲಿ ಜನರು ಹೊಸ ಅರಸನನ್ನಾರಿಸಿದರು. ಅವನು ಮಿಖಾಯಿಲ್ ರೊಮಾನೋವ್, ಅನಸ್ತಾಸಿಯಾಳ ಅಣ್ಣ ನಿಕಿತನ ಮೊಮ್ಮಗ. ಇವಾನನ ಹೆಂಡಿರಲ್ಲಿ ಗೌರವದಿಂದ ಬಾಳಿದ ಒಬ್ಬಳ ತವರುಮನೆಯೇ ಆ ಸಿಂಹಾಸನವನ್ನೇರಿ ಮುನ್ನೂರು ವರ್ಷ ಆಳಿತು. ಇದನ್ನು ಕಣ್ಣಾರೆ ಕಾಣಲು ಇವಾನನ ಹೆಂಡಿರಲ್ಲಿ ಒಬ್ಬಳು ಬದುಕಿದ್ದಳು. ತಿಖ್ವಿನ್ ಪಟ್ಟಣದ ಮಠದಲ್ಲಿ ದಾರಿಯಾ ಎಂಬ ಹೆಸರಿನಿಂದಿದ್ದ ನಾಲ್ಕನೆಯ ಹೆಂಡತಿ ಅನ್ನಾ, ತನ್ನನ್ನು ತೊರೆದ ಗಂಡನಿಗಿಂತ ನಲವತ್ತೆರಡು ವರ್ಷ ಹೆಚ್ಚು ಬಾಳಿ 1626ರಲ್ಲಿ ತೀರಿಕೊಂಡಳು.

ಹೊಸ ವಂಶವೂ ಹಳೆಯ ಪಾಠವನ್ನು ಪೂರ್ತಿ ಕಲಿಯಲಿಲ್ಲ. 1698ರಲ್ಲಿ ಮಹಾ ಪೀಟರನು ತನ್ನ ಮೊದಲನೆಯ ಹೆಂಡತಿ ಎವ್ದೊಕಿಯಾ ಲೊಪುಖಿನಾಳನ್ನು ಕಳುಹಿಸಿದ್ದು ಸುಜ್ದಾಲಿನ ಪೊಕ್ರೊವ್‌ಸ್ಕಿ ಮಠಕ್ಕೇ. ಆ ಮಠವು ಕಾಮೆಂಕಾ ಎಂಬ ಸಣ್ಣ ನದಿಯ ದಡದಲ್ಲಿ, ಬಿಳಿಯ ಗೋಡೆಗಳ ನಡುವೆ, ಇಂದಿಗೂ ಇದೆ. ಕ್ರಾಂತಿಯಾದ ಮೇಲೆ ಮುಚ್ಚಿಹೋಗಿದ್ದು 1992ರಲ್ಲಿ ಮತ್ತೆ ತೆರೆಯಿತು. ಅರಮನೆಯು ಬೇಡವೆಂದ ಸೊಲೊಮೋನಿಯಾಳನ್ನು ಅಲ್ಲಿಯ ಜನರು ಸಂತಳೆಂದು ಪೂಜಿಸುತ್ತಾರೆ. ಮಕ್ಕಳಿಲ್ಲದವಳೆಂದು ಬಿಡಲ್ಪಟ್ಟ ಆ ತಾಯಿಯ ಸಮಾಧಿಯ ಮುಂದೆ, ಮಕ್ಕಳನ್ನು ಬೇಡಿ, ಮಕ್ಕಳ ಆರೋಗ್ಯವನ್ನು ಬೇಡಿ, ಹೆಂಗಸರು ಬಂದು ದೀಪ ಹಚ್ಚುತ್ತಾರೆ.